ಅಬ್ಬಾ ತೆರೆದಿಡುತ್ತಿದ್ದ ಬಾಗಿಲು

ಹುಕ್ಕೇರಿ ತಾಲ್ಲೂಕಿನ ನಮ್ಮ ಹತ್ತರಗಿ ಎಂದರೆ ಹೊರಗಿನವರಿಗೆ ನೆನಪಾಗುವುದು ಹೆದ್ದಾರಿಯ ಟೋಲ್ ನಾಕಾ. ಆ ನಾಕಾ ಬರುವುದಕ್ಕೆ ಎಷ್ಟೋ ವರ್ಷ ಮೊದಲು ಅದೇ ಪುಣೆ–ಬೆಂಗಳೂರು ರಸ್ತೆಯ ಬದಿಯಲ್ಲಿ ನನ್ನ ಅಬ್ಬಾನ ಬ್ಯಾಟರಿ ಅಂಗಡಿ ಇತ್ತು. ತಗಡಿನ ಮಾಡು, ಮಣ್ಣಿನ ಗೋಡೆ, ಒಂದು ಕಿಟಕಿ, ಎರಡು ಬಾಗಿಲು. ಲಾರಿ, ಟ್ರ್ಯಾಕ್ಟರ್, ಟೆಂಪೋಗಳ ಬ್ಯಾಟರಿಗಳು ಹಲಗೆಯ ಮೇಲೆ ಸಾಲಾಗಿ ಕುಳಿತು ಚಾರ್ಜ್ ಆಗುತ್ತಿದ್ದವು. ಕಬ್ಬಿನ ಹಂಗಾಮಿನಲ್ಲಿ ಇಡಲು ಜಾಗ ಸಾಲುತ್ತಿರಲಿಲ್ಲ.

ನಮಗೆ ಕರೆಂಟು ಬರುತ್ತಿದ್ದುದು, ಈಗಲೂ ಬರುವುದು, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ. 1969ರಲ್ಲಿ ಹುಟ್ಟಿದ ಈ ಸಂಘ ರೈತರೇ ಸದಸ್ಯರಾಗಿ ಊರೂರಿಗೆ ಕರೆಂಟು ಹಂಚುವ ಅಪರೂಪದ ಸಂಸ್ಥೆ. ಕರೆಂಟು ಎಷ್ಟು ಹೊತ್ತಿಗೆ ಬಂದರೂ ಅಬ್ಬಾ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಎರಡೂ ಬಾಗಿಲು ತೆರೆದು, ಅವು ಗಾಳಿಗೆ ಮುಚ್ಚಿಕೊಳ್ಳದಂತೆ ಕಲ್ಲು ಇಡುತ್ತಿದ್ದ. ಆಮೇಲೆ ಸ್ವಿಚ್ಚು. ಆಷಾಢದ ಚಳಿಗಾಳಿಯಲ್ಲಿ ನಡುಗುತ್ತಾ ಕೂತ ನಾನು ಒಮ್ಮೆ ಬಾಗಿಲು ಮುಚ್ಚಿದ್ದಕ್ಕೆ ಪೆಟ್ಟು ತಿಂದಿದ್ದೇನೆ.

“ಕಣ್ಣಿಗೆ ಕಾಣೂದಕ್ಕ ಎಲ್ಲಾರೂ ಅಂಜತಾರ. ಕಾಣಲಾರದ್ದಕ್ಕ ಅಂಜಾವ ಮಿಸ್ತ್ರಿ,” ಎಂದಿದ್ದ ಅಬ್ಬಾ. ಅವನಿಗೆ ಹೈಡ್ರೋಜನ್ ಎಂಬ ಹೆಸರು ಗೊತ್ತಿರಲಿಲ್ಲ. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಅದರೊಳಗಿನ ನೀರು ಕುದಿದಂತೆ ಗುಳ್ಳೆ ಬಿಡುತ್ತದೆ, ಆ ಗುಳ್ಳೆಯ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ ಎಂಬುದಷ್ಟೇ ಗೊತ್ತಿತ್ತು. ಅಷ್ಟು ಗೊತ್ತಿದ್ದುದು ಅವನಿಗೆ ಸಾಕಾಗಿತ್ತು. ನಾನು ಐಟಿಐ ಓದಿದವನು. ನನಗೆ ಹೈಡ್ರೋಜನ್ನಿನ ಹೆಸರೂ ಗೊತ್ತಿತ್ತು, ಸೂತ್ರವೂ ಗೊತ್ತಿತ್ತು. ಆದರೂ ನನ್ನ ಕೈಯಿಂದ ಒಬ್ಬ ಹುಡುಗನ ಕಣ್ಣು ಹೋಯಿತು. ಈ ಬರಹ ಅದರ ಬಗ್ಗೆ.

ನಮ್ಮೂರಿಗೆ ಸಮುದ್ರವಿಲ್ಲ. ನಮಗೆ ನೀರೆಂದರೆ ಘಟಪ್ರಭೆ, ಹಿಡಕಲ್ ಅಣೆಕಟ್ಟಿನ ಹಿನ್ನೀರು. ನಾನು ಕಡಲು ನೋಡಿದ್ದು 2005ರಲ್ಲಿ. ಅಂಗಡಿಗೆ ಬರುತ್ತಿದ್ದ ಲಾರಿ ಡ್ರೈವರ್ ಒಬ್ಬರು, ಮಳೆಗಾಲದಲ್ಲಿ ಮಲ್ಪೆಯಲ್ಲಿ ವೈರಿಂಗ್ ಮಿಸ್ತ್ರಿಗಳಿಗೆ ಕೈತುಂಬ ಕೆಲಸ ಎಂದು ಹೇಳಿದರು. ಮೀನುಗಾರಿಕೆಗೆ ನಿಷೇಧ ಇರುವ ದಿನಗಳಲ್ಲಿ ಬೋಟುಗಳು ದಡ ಸೇರುತ್ತವೆ. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ನಿಷೇಧ. ಬಣ್ಣ, ಬಡಗಿ ಕೆಲಸ, ಎಂಜಿನ್ ಕೆಲಸ, ವೈರಿಂಗ್ ಎಲ್ಲವೂ ಆಗಬೇಕಾದುದು ಆ ಅವಧಿಯಲ್ಲೇ. ಹುಬ್ಬಳ್ಳಿ, ಅಂಕೋಲಾ ದಾರಿಯಾಗಿ ಬಸ್ಸಿನಲ್ಲಿ ಹೋದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಮೀಟರು, ಅಬ್ಬಾನ ಹೈಡ್ರೋಮೀಟರು.

ಟ್ರಾಲ್ ಬೋಟಿನಲ್ಲಿ ಬ್ಯಾಟರಿಯ ಮೇಲೆ ಎಷ್ಟೊಂದು ಭಾರವಿದೆ ಎಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಲಾರಿಯಲ್ಲಿ ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳುತ್ತಾರೆ. ಆಳಸಮುದ್ರದಲ್ಲಿ ತಳ್ಳುವವರು ಯಾರು? ಎಂಜಿನ್ ಚಾಲೂ ಮಾಡುವುದು, ವಯರ್‌ಲೆಸ್, ಜಿಪಿಎಸ್, ಮೀನು ಹುಡುಕುವ ಯಂತ್ರ, ರಾತ್ರಿ ಬೇರೆ ಹಡಗುಗಳಿಗೆ ಕಾಣಬೇಕಾದ ದೀಪ ಎಲ್ಲವೂ ಅದರಿಂದಲೇ. ಹತ್ತು ಹನ್ನೆರಡು ದಿನ ಕಡಲಲ್ಲಿರುವ ಬೋಟಿಗೆ ಬ್ಯಾಟರಿಯನ್ನು ತುಂಬುವುದು ಎಂಜಿನ್ನಿಗೆ ಬೆಲ್ಟ್ ಹಾಕಿ ತಿರುಗಿಸುವ ಆಲ್ಟರ್ನೇಟರ್.

ನನಗೆ ಸಿಕ್ಕಿದ್ದು ಒಂದು ಹಳೆಯ ಮರದ ಬೋಟು. 12 ವೋಲ್ಟಿನ ಎರಡು ದೊಡ್ಡ ಬ್ಯಾಟರಿ ಸೇರಿಸಿ 24 ವೋಲ್ಟ್. ಅವು ಎಂಜಿನ್ ಪಕ್ಕದಲ್ಲಿ ಹಗ್ಗ ಕಟ್ಟಿಕೊಂಡು, ಎಣ್ಣೆ ಉಪ್ಪುನೀರು ಮೆತ್ತಿಕೊಂಡು ಕೂತಿದ್ದವು. ನೋಡಿ ನನಗೆ ಅಸಹ್ಯವಾಯಿತು. ಕ್ಯಾಬಿನ್ನಿನಲ್ಲಿ ಮಲಗುವ ಹಲಗೆಯ ಕೆಳಗೆ ಜಾಗವಿತ್ತು. ಅಲ್ಲಿ ಬಡಗಿಯಿಂದ ಸಾಗವಾನಿಯ ಪೆಟ್ಟಿಗೆ ಮಾಡಿಸಿದೆ. ಒಂದು ಹನಿ ಉಪ್ಪುನೀರೂ ಹೋಗದಂತೆ ಮುಚ್ಚಳದ ಸುತ್ತ ರಬ್ಬರು ಹಾಕಿಸಿದೆ. ಮೇಲೆ ವಾರ್ನಿಷು. ಬಂದರಿನಲ್ಲಿ ನೋಡಿದವರೆಲ್ಲ ಹೊಗಳಿದರು. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಮೀಟರ್ ಹಿಡಿದೆ. 27.8 ವೋಲ್ಟ್ ತೋರಿಸಿತು. ಸರಿಯಾಗಿದೆ ಎಂದುಕೊಂಡು ಕೂಲಿ ಎಣಿಸಿಕೊಂಡು ಊರಿಗೆ ಬಂದೆ.

ಸೆಪ್ಟೆಂಬರಿನಲ್ಲಿ ಬೋಟಿನ ಮಾಲೀಕರ ಫೋನು ಬಂತು. “ಬ್ಯಾಟರಿ ಒಡೆದು ಹೋಯ್ತು ಮಾರಾಯ. ಬಂದು ಹೊಸದು ಕೂರಿಸಿ ಹೋಗು.”

ಹೋದೆ. ನನ್ನ ಪೆಟ್ಟಿಗೆಯ ಮುಚ್ಚಳ ಎರಡು ತುಂಡಾಗಿತ್ತು. ಒಂದು ತುಂಡು ಕ್ಯಾಬಿನ್ನಿನ ಮಾಡಿಗೆ ಬಡಿದ ಗುರುತಿತ್ತು. ನಡೆದದ್ದನ್ನು ತಾಂಡೇಲರು ಹೇಳಿದರು. ರಾತ್ರಿ ಬಲೆ ಎಳೆಯುವಾಗ ದೀಪ ಮಿಣುಕತೊಡಗಿತು. ಎಂಜಿನ್ ನಡುಕಕ್ಕೆ ಟರ್ಮಿನಲ್ಲಿನ ಕ್ಲಿಪ್ಪು ಸಡಿಲಾಗಿರಬೇಕೆಂದು, ಅಡಿಗೆ ಮಾಡುವ ಹುಡುಗನಿಗೆ ನೋಡಲು ಹೇಳಿದರು. ಹೊನ್ನಾವರ ಕಡೆಯವನು, 19 ವರ್ಷ. ಅವನು ಮುಚ್ಚಳ ಎತ್ತಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಕ್ಲಿಪ್ಪನ್ನು ಕೈಯಿಂದ ಅಲುಗಿಸಿದ. ಕಿಡಿ ಹಾರಿತು. ಪೆಟ್ಟಿಗೆ ಸಿಡಿಯಿತು. ಆಸಿಡ್ ಮುಖಕ್ಕೆ ರಾಚಿತು.

ತಾಂಡೇಲರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಬಿಡಿಸಿ, ಕುಡಿಯುವ ನೀರನ್ನು ಅರ್ಧ ಗಂಟೆ ಒಂದೇ ಸಮ ಸುರಿದರಂತೆ. ಯಾರೋ ಸೋಡಾ ಹಾಕೋಣ ಎಂದರೂ ಅವರು ಬಿಡಲಿಲ್ಲ. ಆ ನೀರೇ ಅವನ ಎಡಗಣ್ಣನ್ನು ಉಳಿಸಿತು. ದಡ ಸೇರಲು ಹನ್ನೊಂದು ಗಂಟೆ ಬೇಕಾಯಿತು. ಬಲಗಣ್ಣಿಗೆ ಬೆಳಕು ನೆರಳಷ್ಟೇ ಉಳಿಯಿತು.

“ಬ್ಯಾಟರಿಯೇ ಸರಿ ಇರ್ಲಿಲ್ಲ ಅಂತ ಕಾಣ್ತದೆ, ಅಲ್ವಾ?” ಎಂದರು ಮಾಲೀಕರು.

ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಹೇಳದಿದ್ದರೂ ಅದು ನಾನು ಆಡಿದ ಅತಿ ದೊಡ್ಡ ಸುಳ್ಳು.

ಅವರು ಇಳಿದು ಹೋದ ಮೇಲೆ ಹೊಸ ಬ್ಯಾಟರಿ ಕೂರಿಸಿ, ಎಂಜಿನ್ ವೇಗ ಏರಿಸಿ, ಈ ಸಲ ಎರಡು ಗಂಟೆ ಕಾದೆ. ಮೀಟರು ನಿಧಾನವಾಗಿ ಏರುತ್ತಾ 29.8 ವೋಲ್ಟಿಗೆ ಹೋಯಿತು. ಆಲ್ಟರ್ನೇಟರಿನ ರೆಗ್ಯುಲೇಟರು ಹಳೆಯದಾಗಿ ಹಿಡಿತ ತಪ್ಪಿತ್ತು. ಇಂಥ ಬ್ಯಾಟರಿಗೆ 28.8 ವೋಲ್ಟೇ ಮೇಲಿನ ಅಂಚು. ಅದನ್ನು ದಾಟಿದರೆ ಒಳಗೆ ಹೋಗುವ ಕರೆಂಟು ಬ್ಯಾಟರಿಯನ್ನು ತುಂಬುವುದನ್ನು ಬಿಟ್ಟು ನೀರನ್ನು ಒಡೆಯತೊಡಗುತ್ತದೆ. ಬಂದರಿನ ಹತ್ತು ನಿಮಿಷದಲ್ಲಿ ಇದು ಕಾಣುವುದಿಲ್ಲ. ಕಡಲಿನಲ್ಲಿ ಎಂಜಿನ್ ಹತ್ತು ಗಂಟೆ ಓಡುತ್ತದೆ. ನಾನು ಅಳೆದದ್ದು ನನ್ನ ಹತ್ತು ನಿಮಿಷವನ್ನು. ಅವರ ಹತ್ತು ಗಂಟೆಯನ್ನು ನಾನು ಅಳೆಯಲೇ ಇಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ತುಂಬಿದ ಬ್ಯಾಟರಿಯ ಒಂದು ಕೋಶಕ್ಕೆ ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹೆಚ್ಚಿಗೆ ಹೋದರೆ ಸುಮಾರು 0.42 ಲೀಟರ್ ಹೈಡ್ರೋಜನ್ ಹೊರಬರುತ್ತದೆ. 24 ವೋಲ್ಟಿಗೆ ಹನ್ನೆರಡು ಕೋಶ. ಬರೀ 5 ಆಂಪಿಯರ್ ಎಂದು ಹಿಡಿದರೂ ಗಂಟೆಗೆ 25 ಲೀಟರ್. ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ನನ್ನ ಪೆಟ್ಟಿಗೆಯೊಳಗೆ ಇದ್ದ ಖಾಲಿ ಜಾಗ ಹೆಚ್ಚೆಂದರೆ 100 ಲೀಟರ್. ಅಂದರೆ 4 ಲೀಟರ್ ಸಾಕು. ಹತ್ತು ನಿಮಿಷ! ನಾನು ಉಪ್ಪುನೀರು ಒಳಗೆ ಹೋಗದಂತೆ ಹಾಕಿಸಿದ ರಬ್ಬರು ಆ ಗಾಳಿ ಹೊರಗೆ ಹೋಗದಂತೆಯೂ ನೋಡಿಕೊಂಡಿತ್ತು. ಅದರ ಮೇಲೆ ಜನ ಮಲಗುತ್ತಿದ್ದರು.

ಆ ಹಳೆಯ, ಕೊಳಕಾದ, ಹಗ್ಗ ಕಟ್ಟಿದ ಬ್ಯಾಟರಿಗಳು ವರ್ಷಗಟ್ಟಲೆ ಯಾರಿಗೂ ಏನೂ ಮಾಡಿರಲಿಲ್ಲ. ಅವುಗಳ ಮೇಲೆ ಗಾಳಿಯಾಡುತ್ತಿತ್ತು, ಅಷ್ಟೇ.

ಮನೆಗೆ ಬಂದು ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಅಂಗಡಿಯಲ್ಲಿ ಅಬ್ಬಾ ಬಾಗಿಲಿಗೆ ಕಲ್ಲು ಇಡುವುದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅಬ್ಬಾ ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ: “ಆ ಹುಡುಗಗ ಗೊತ್ತೈತೇನು, ಇದು ನಿನ್ನ ತಪ್ಪ ಅಂತ?”

“ಇಲ್ಲ.”

“ಹಂಗಾರ ಅಂವಾ ತನ್ನ ತಪ್ಪ ಅಂತ ತಿಳಕೊಂಡಿರತಾನ. ಕಣ್ಣೂ ಹೋತು, ಮ್ಯಾಲ ತಪ್ಪೂ ಅವನ ತಲಿ ಮ್ಯಾಲ. ಹೋಗಿ ಹೇಳಿ ಬಾ.”

ಅಬ್ಬಾ ಕೊಟ್ಟ ಹಣವನ್ನೂ ನನ್ನಲ್ಲಿದ್ದುದನ್ನೂ ಸೇರಿಸಿಕೊಂಡು ಹೊನ್ನಾವರದ ಕಡೆಯ ಆ ಊರಿಗೆ ಹೋದೆ. ಹುಡುಗ ಜಗಲಿಯಲ್ಲಿ ಕೂತಿದ್ದ. ಪೆಟ್ಟಿಗೆಯ ವಿಷಯ, ಮೀಟರಿನ ವಿಷಯ, ಬಂದರಿನಲ್ಲಿ ತಲೆಯಾಡಿಸಿದ ವಿಷಯ ಎಲ್ಲವನ್ನೂ ಹೇಳಿದೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಒಂದೇ ಮಾತು ಹೇಳಿದ: “ಎಂಜಿನ್ ಬಂದ್ ಮಾಡಿ ಮುಚ್ಚಳ ತೆಗೀಬೇಕು ಅಂತ ಯಾರಾದ್ರೂ ಹೇಳಿದ್ರೆ ಹಾಗೇ ಮಾಡ್ತಿದ್ದೆ.”

ಅವನ ತಾಯಿ ಹಣ ತೆಗೆದುಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಎದ್ದಾಗ, ಚಾ ಕುಡಿದು ಹೋಗು ಎಂದರು. ಅಲ್ಲಿಂದ ಮಲ್ಪೆಗೆ ಹೋಗಿ ಮಾಲೀಕರಿಗೂ ಹೇಳಿದೆ. ಆ ವರ್ಷದ ನಂತರ ಅವರು ನನ್ನನ್ನು ಕರೆಯಲಿಲ್ಲ. ಆದರೆ ಬೇರೆ ಇಬ್ಬರು ಕರೆದರು. ತಪ್ಪು ಒಪ್ಪಿಕೊಂಡ ಮಿಸ್ತ್ರಿ ಎಂದು ಯಾರೋ ಹೇಳಿದ್ದರಂತೆ.

ಅಂದಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಅದನ್ನು ಇಲ್ಲಿ ಬರೆಯುತ್ತೇನೆ. ಕರಾವಳಿಯ ಓದುಗರಲ್ಲಿ ಬೋಟಿನವರು ಇರಬಹುದು, ಅವರ ಮನೆಯವರು ಇರಬಹುದು.

ಬ್ಯಾಟರಿಯ ಪೆಟ್ಟಿಗೆ ಮಲಗುವ ಜಾಗದಲ್ಲಿ ಇರಬಾರದು, ಗ್ಯಾಸ್ ಒಲೆಯ ಬಳಿಯೂ ಇರಬಾರದು. ಹೈಡ್ರೋಜನ್ ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಹಾಗಾಗಿ ಪೆಟ್ಟಿಗೆಯ ಅತಿ ಎತ್ತರದ ಜಾಗದಿಂದ ಹೊರಗಿನ ಗಾಳಿಗೆ ಒಂದು ಕೊಳವೆ, ಕೆಳಗಡೆ ಹೊಸ ಗಾಳಿ ಬರಲು ಒಂದು ಕಿಂಡಿ ಬೇಕು. ಕೊಳವೆಯ ಹೊರತುದಿಯನ್ನು ಊರುಗೋಲಿನ ಹಿಡಿಯಂತೆ ಕೆಳಗೆ ಬಗ್ಗಿಸಿದರೆ ಅಲೆಯ ನೀರು ಒಳಗೆ ಬರುವುದಿಲ್ಲ. ನಾನು ಮುಚ್ಚಿದ್ದು ನೀರಿಗೆ ಹೆದರಿ. ಆ ಹೆದರಿಕೆ ಸುಳ್ಳೇನಲ್ಲ. ಬ್ಯಾಟರಿಯ ಒಳಗೆ ಸಮುದ್ರದ ನೀರು ಸೇರಿದರೆ ಚಾರ್ಜ್ ಆಗುವಾಗ ಕ್ಲೋರಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಹಿಂದಿನ ಕಾಲದ ಜಲಾಂತರ್ಗಾಮಿಗಳ ನಾವಿಕರು ಇದಕ್ಕೆ ಬಹಳ ಅಂಜುತ್ತಿದ್ದರು. ಆದ್ದರಿಂದ ಪೆಟ್ಟಿಗೆ ತಳದ ನೀರು ನಿಲ್ಲುವ ಜಾಗದಿಂದ ಎತ್ತರದಲ್ಲಿರಬೇಕು, ಆಸಿಡ್ ತಡೆಯುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರಬೇಕು, ಬೋಟು ಎಷ್ಟು ವಾಲಿದರೂ ಕದಲದಂತೆ ಪಟ್ಟಿಯಿಂದ ಬಿಗಿಯಬೇಕು. ‘ಮೇಂಟೆನೆನ್ಸ್ ಫ್ರೀ’ ಎಂದು ಬರೆದ ಬ್ಯಾಟರಿಗೂ ಕಿಂಡಿ ಬೇಕು. ಚಾರ್ಜು ಮಿತಿ ಮೀರಿದರೆ ಅದೂ ಅನಿಲ ಬಿಡುತ್ತದೆ.

ಎರಡನೆಯದು ಫ್ಯೂಸು. ಫ್ಯೂಸು ದೀಪವನ್ನು ಕಾಯಲು ಇರುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಎಲ್ಲಾದರೂ ಉಜ್ಜಿ ತಗಲಿದರೆ ನೂರಾರು ಆಂಪಿಯರ್ ಹರಿದು ಆ ವೈರೇ ಒಲೆಯ ಸುರುಳಿಯಂತೆ ಕಾಯುತ್ತದೆ. ಆದ್ದರಿಂದ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು, ಆದರೆ ಪೆಟ್ಟಿಗೆಯ ಹೊರಗೆ. ಎಂಜಿನ್ ಚಾಲೂ ಮಾಡಲು ಒಂದು ಬ್ಯಾಟರಿ ಜೊತೆ, ದೀಪ ಮತ್ತು ವಯರ್‌ಲೆಸ್ಸಿಗೆ ಇನ್ನೊಂದು ಜೊತೆ ಇಟ್ಟರೆ ರಾತ್ರಿಯಿಡೀ ದೀಪ ಉರಿದರೂ ಬೆಳಿಗ್ಗೆ ಎಂಜಿನ್ ಏಳುತ್ತದೆ. ಇವೆರಡನ್ನೂ ಆಲ್ಟರ್ನೇಟರಿಗೆ ಸೇರಿಸುವ ರಿಲೇ ಈಗ ಸುಲಭವಾಗಿ ಸಿಗುತ್ತದೆ. ಎಂಜಿನ್ ಓಡುತ್ತಿರುವಾಗ ಮಾತ್ರ ಬ್ಯಾಟರಿಯ ಮುಖ್ಯ ಸ್ವಿಚ್ಚನ್ನು ಆರಿಸಬಾರದು. ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುತ್ತವೆ.

ಜೆಟ್ಟಿಯಿಂದ ವೈರು ಎಳೆದು ಚಾರ್ಜ್ ಮಾಡುವಾಗ ಇನ್ನೊಂದು ಅಪಾಯ. 230 ವೋಲ್ಟು, ಒದ್ದೆ ಹಲಗೆ, ಬರಿಗಾಲು. 30 ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಬ್ರೇಕರ್ ಮತ್ತು ಸರಿಯಾದ ಅರ್ಥ್ ಇಲ್ಲದೆ ಆ ವೈರನ್ನು ಬೋಟಿಗೆ ಹತ್ತಿಸಲು ನಾನು ಒಪ್ಪುವುದಿಲ್ಲ. ಚಾರ್ಜರಿನ ಸ್ವಿಚ್ಚು ಆರಿಸಿದ ಮೇಲೆಯೇ ಕ್ಲಿಪ್ಪು ತೆಗೆಯಬೇಕು. ಕರೆಂಟಿನ ಪ್ರಮಾಣ ಬ್ಯಾಟರಿಯ ಹತ್ತನೇ ಒಂದು ಪಾಲು, 150 ಆಂಪಿಯರ್ ಅವರ್ ಬ್ಯಾಟರಿಗೆ 15 ಆಂಪಿಯರ್. ಅವಸರ ಮಾಡಿದಷ್ಟೂ ಬಿಸಿ, ಬಿಸಿಯಾದಷ್ಟೂ ಗುಳ್ಳೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಂದು ಕೋಶ ಕೆಟ್ಟಿದೆ ಅಥವಾ ಚಾರ್ಜು ಮಿತಿ ಮೀರಿದೆ ಎಂದು ಅರ್ಥ. ಕೂಡಲೇ ನಿಲ್ಲಿಸಬೇಕು. ಸೌರಫಲಕ ಹಾಕುವವರೂ ಹೆಚ್ಚಿದ್ದಾರೆ, ಒಳ್ಳೆಯದೇ. ಆದರೆ 12 ವೋಲ್ಟಿನ ಫಲಕ ಬಿಸಿಲಿನಲ್ಲಿ 20 ವೋಲ್ಟಿನವರೆಗೂ ಏರುತ್ತದೆ. ನಡುವೆ ಕಂಟ್ರೋಲರ್ ಇಲ್ಲದೆ ನೇರವಾಗಿ ಬ್ಯಾಟರಿಗೆ ಕಟ್ಟುವುದು ನನ್ನ ಹಳೆಯ ತಪ್ಪನ್ನೇ ಬೇರೆ ರೂಪದಲ್ಲಿ ಮಾಡಿದಂತೆ.

ಕೊನೆಯದು ಆ ಹುಡುಗ ಕಲಿಸಿದ ಪಾಠ. ನಾನು ಮಾಡುವ ಪ್ರತಿ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ: “ಮೊದಲು ಎಂಜಿನ್ ಬಂದ್. ಆಮೇಲೆ ದೀಪಗಳು ಬಂದ್. ಮುಚ್ಚಳ ತೆರೆದು ಹತ್ತು ನಿಮಿಷ ದೂರ ಇರಿ. ಬೀಡಿ ಬೇಡ. ಕಣ್ಣಿಗೆ ಕನ್ನಡಕ. ಆಸಿಡ್ ತಾಗಿದರೆ 20 ನಿಮಿಷ ನೀರು.” ಪಕ್ಕದಲ್ಲಿ ಕನ್ನಡಕವನ್ನೂ ಎರಡು ಬಾಟಲಿ ನೀರನ್ನೂ ಇಡಿಸುತ್ತೇನೆ. ಬೋಟಿನಲ್ಲಿ ಓದು ಬಾರದವರೂ, ಬೇರೆ ರಾಜ್ಯದವರೂ ಇರುತ್ತಾರೆ. ಆದ್ದರಿಂದ ಕೆಲಸ ಮುಗಿದ ಮೇಲೆ ಎಲ್ಲರನ್ನೂ, ಅದರಲ್ಲೂ ಅಡಿಗೆಯ ಹುಡುಗನನ್ನು, ಕರೆದು ಮಾಡಿ ತೋರಿಸುತ್ತೇನೆ. ಅಪಾಯದ ಜಾಗಕ್ಕೆ ಕೈ ಹಾಕಲು ಹೇಳಿಸಿಕೊಳ್ಳುವವನು ಯಾವಾಗಲೂ ಎಲ್ಲರಿಗಿಂತ ಕಿರಿಯವನೇ ಅಲ್ಲವೇ?

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾದದ್ದು ಓದುಗರಿಗೆ ನೆನಪಿರಬಹುದು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅದಕ್ಕೂ ಬ್ಯಾಟರಿಗೂ ನಾನು ನಂಟು ಕಟ್ಟುತ್ತಿಲ್ಲ. ಆದರೆ ದಡದಲ್ಲಿ ಕಾಯುವವರಿಗೆ ಬೋಟಿನ ಒಂದು ದನಿ ಎಷ್ಟು ದೊಡ್ಡದು ಎಂಬುದನ್ನು ಆ ತಿಂಗಳುಗಳಲ್ಲಿ ಕಂಡೆ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆಗೆ ಚಾಲನೆ ಕೊಟ್ಟಿತು. ಸಂತೋಷವೇ. ಆದರೆ ಬೋಟಿನ ವಯರ್‌ಲೆಸ್ಸಾಗಲಿ ದೀಪವಾಗಲಿ ಕೊನೆಗೆ ನಿಂತಿರುವುದು ಹಲಗೆಯ ಕೆಳಗೆ ಯಾರೂ ನೋಡದ ಜಾಗದಲ್ಲಿ ಕೂತಿರುವ ಆ ಬ್ಯಾಟರಿಯ ಮೇಲೆ.

ಅಬ್ಬಾ ಈಗ ಇಲ್ಲ. ಅಂಗಡಿ ಸಿಮೆಂಟಿನದಾಗಿದೆ, ಬಾಗಿಲು ಎರಡೇ ಇವೆ. ಮಳೆಗಾಲದಲ್ಲಿ ಮಲ್ಪೆಗೆ ಹೋಗುವುದು ಕಡಿಮೆಯಾಗಿದೆ. ಈಗ ಹಿಡಕಲ್ ಹಿನ್ನೀರಿನಲ್ಲಿ ಬಲೆ ಬಿಡುವವರೇ ನನ್ನ ಬಳಿ ಬರುತ್ತಾರೆ. ಬೇಸಿಗೆಯಲ್ಲಿ ನೀರು ತಗ್ಗಿ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಕಾಣುವ ಹೊತ್ತಿಗೆ ಅವರೂ ರಾತ್ರಿ ದೀಪಕ್ಕೆ ಬ್ಯಾಟರಿ ಇಟ್ಟುಕೊಂಡು ನೀರಿಗಿಳಿಯುತ್ತಾರೆ. ಕೆಲವರು ಹಗುರವೆಂದು ಲಿಥಿಯಂ ತಂದಿದ್ದಾರೆ. ಅದು ಈ ರೀತಿ ಹೈಡ್ರೋಜನ್ ಬಿಡುವುದಿಲ್ಲ, ನಿಜ. ಆದರೆ ಅದರದೇ ಚಾರ್ಜರು ಬೇಕು, ಒಳಗೆ ಕಾವಲಿನ ಸರ್ಕ್ಯೂಟು ಸರಿಯಿರಬೇಕು. ಹಳೆಯ ಆಲ್ಟರ್ನೇಟರಿಗೆ ನೇರವಾಗಿ ಕಟ್ಟಿದರೆ ಅದು ಬಿಡುವಿಲ್ಲದೆ ಕರೆಂಟು ಹೀರಿ ಆಲ್ಟರ್ನೇಟರನ್ನು ಕಾಯಿಸಿ ಸುಡುತ್ತದೆ. ಅಗ್ಗದ ಚಾರ್ಜರು ಹಾಕಿ ಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಬಿಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಹಳೆಯ ಕಾರಿನ ಬ್ಯಾಟರಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು, ಸುತ್ತ ಟೇಪು ಸುತ್ತಿ, ಮೇಲೆ ಸೌರಫಲಕ ಕಟ್ಟಿಕೊಂಡು ಬಂದ. ತುಂಬ ಅಚ್ಚುಕಟ್ಟಾಗಿತ್ತು. ನನಗೆ ಆ ಸಾಗವಾನಿಯ ಪೆಟ್ಟಿಗೆ ನೆನಪಾಯಿತು. ನಾನು ಟೇಪು ಬಿಚ್ಚಿ, ಡ್ರಿಲ್ ತೆಗೆದುಕೊಂಡು ಡಬ್ಬಿಗೆ ಮೇಲೊಂದು ಕೆಳಗೊಂದು ತೂತು ಹಾಕಿದೆ.

“ಕಾಕಾ, ಚೊಲೋ ಡಬ್ಬಿ ಹಾಳ ಮಾಡಿದ್ರಲ್ಲ! ನೀರ ಹೊಕ್ಕತೈತಿ,” ಎಂದು ಕೂಗಿದ.

ಕೊಳವೆ ಬಗ್ಗಿಸಿ ಕೂರಿಸಿದೆ, ಕಂಟ್ರೋಲರ್ ಸೇರಿಸಿದೆ, ಫ್ಯೂಸು ಹಾಕಿದೆ. ಆಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಹೊನ್ನಾವರದ ಹುಡುಗನ ಕಥೆಯನ್ನು ಮೊದಲಿನಿಂದ ಹೇಳಿದೆ. ತಲೆಯಾಡಿಸಿದ್ದನ್ನೂ ಬಿಡಲಿಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ. ಹೊರಡುವಾಗ, ಗಾಳಿಗೆ ಅರ್ಧ ಮುಚ್ಚಿಕೊಂಡಿದ್ದ ಅಂಗಡಿಯ ಬಾಗಿಲನ್ನು ತಾನೇ ತೆರೆದು, ಅಬ್ಬಾನ ಕಾಲದ ಕಲ್ಲನ್ನು ಅದಕ್ಕೆ ಒತ್ತಿಟ್ಟು ಹೋದ.